ಮುಚ್ಚಿದ ಕಲ್ಲುಕೋರೆ, ಕೆಳಗಿನ ಬಾವಿ: ನೀರು ಕೆಟ್ಟಿದೆಯೇ ಎಂದು ಪತ್ತೆ ಮಾಡುವ ಬಗೆ

ಕೊಡಗಿನ ಸೋಮವಾರಪೇಟೆ ಕಡೆ, ತೋಟದ ಕಾರ್ಮಿಕರ ಒಂದು ಲೈನ್‌ಮನೆಯಲ್ಲಿ ಅಕ್ಕ ಒಬ್ಬರು ನನ್ನ ಕೈಗೆ ಚಹಾದ ಲೋಟ ಕೊಟ್ಟು, "ಕುಡಿಯೋದು ಬೇಡ, ಬಣ್ಣ ಮಾತ್ರ ನೋಡಿ" ಎಂದರು. ಹಾಲು ಹಾಕಿದ್ದರೂ ಚಹಾ ಕಪ್ಪಡರಿತ್ತು. ಮನೆಯ ಮೇಲ್ಗಡೆ ಗುಡ್ಡದ ಬದಿಯಲ್ಲಿ ಒಂದು ಹಳೆಯ ಕಲ್ಲುಕೋರೆ ಇದೆ. ಕಲ್ಲು ತೆಗೆಯುವುದು ನಿಂತ ಮೇಲೆ ಗುಂಡಿಯಲ್ಲಿ ವರ್ಷಗಟ್ಟಲೆ ನೀರು ನಿಂತಿತ್ತಂತೆ. ಆಮೇಲೆ ರಾತ್ರಿ ಹೊತ್ತು ಟಿಪ್ಪರ್‌ಗಳು ಬಂದು ಏನೇನೋ ಸುರಿದು ಹೋದವು. ಕೊನೆಗೆ ಜೆಸಿಬಿಯಲ್ಲಿ ಕೆಂಪುಮಣ್ಣು ಎಳೆದು ಸಮ ಮಾಡಿದರು. ಈಗ ಅಲ್ಲಿ ಲಂಟಾನ ಬೆಳೆದು ನಿಂತಿದೆ, ಹೊಸಬರಿಗೆ ಗುಂಡಿ ಇತ್ತು ಎಂಬುದೇ ಗೊತ್ತಾಗುವುದಿಲ್ಲ. ಬಾವಿಯ ನೀರನ್ನು ಯಾರೋ ಒಮ್ಮೆ ಪರೀಕ್ಷೆ ಮಾಡಿಸಿದ್ದರು. ಚೀಟಿಯಲ್ಲಿ ಎಲ್ಲವೂ "ಮಿತಿಯೊಳಗಿದೆ" ಎಂದಿತ್ತು, ಅಲ್ಲಿಗೆ ಮಾತು ಮುಗಿದಿತ್ತು.

ಆ ಚೀಟಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮಿತಿಯೊಳಗಿದೆ ಎಂದ ಮಾತ್ರಕ್ಕೆ ನೀರು ಕೆಟ್ಟಿಲ್ಲ ಎಂದಾಗುವುದಿಲ್ಲ. ಕೊಡಗಿನಲ್ಲಿ ಮಳೆ ಜೋರು, ಮಣ್ಣಿನ ಲವಣವೆಲ್ಲ ತೊಳೆದು ಹೋಗಿದೆ. ಇಲ್ಲಿನ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ತೀರಾ ಮೆತ್ತಗಿನ, ಲವಣ ಕಡಿಮೆಯ ನೀರು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ಟಿಡಿಎಸ್‌ವರೆಗೆ (ನೀರಲ್ಲಿ ಕರಗಿದ ಲವಣದ ಒಟ್ಟು ಲೆಕ್ಕ) ತಕರಾರಿಲ್ಲ. ಸುತ್ತಲಿನ ಬಾವಿಗಳಲ್ಲಿ 60 ಇದ್ದು, ಕೋರೆಯ ಕೆಳಗಿನ ಒಂದರಲ್ಲಿ ಮಾತ್ರ 300 ಬಂತು ಎಂದಿಟ್ಟುಕೊಳ್ಳಿ. ಮಾನದಂಡ ನೋಡಿದರೆ ಪಾಸು, ಆದರೆ ನೆರೆಯ ಬಾವಿಯ ಪಕ್ಕದಲ್ಲಿಟ್ಟು ನೋಡಿದರೆ ಏನೋ ಸೇರಿಕೊಂಡಿದೆ ಎಂಬುದು ಎದ್ದು ಕಾಣುತ್ತದೆ. ಹಾಗಾಗಿ ಈ ಕೆಲಸದ ಜೀವಾಳ ಹೋಲಿಕೆ. ಮೇಲಿನ ಬಾವಿಗೂ ಕೆಳಗಿನ ಬಾವಿಗೂ ಹೋಲಿಕೆ, ಬೇಸಿಗೆಗೂ ಮಳೆಗಾಲಕ್ಕೂ ಹೋಲಿಕೆ, ಹೋದ ವರ್ಷಕ್ಕೂ ಈ ವರ್ಷಕ್ಕೂ ಹೋಲಿಕೆ.

ಮೊದಲ ಮಾತು: ಸಂಶಯ ಬಂದ ದಿನದಿಂದಲೇ ಕುಡಿಯುವುದಕ್ಕೆ, ಅಡುಗೆಗೆ ಬೇರೆ ನೀರು ನೋಡಿಕೊಳ್ಳಿ. ಕುದಿಸಿದರೆ ರೋಗಾಣು ಸಾಯುತ್ತದೆ, ಆದರೆ ನೈಟ್ರೇಟ್, ಸೀಸದಂಥವು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಇನ್ನಷ್ಟು ದಟ್ಟವಾಗುತ್ತವೆ. ಬಾಟಲಿ ಹಾಲು ಕುಡಿಯುವ ಹಸುಗೂಸು ಇರುವ ಮನೆಯಲ್ಲಂತೂ ಇದರಲ್ಲಿ ಒಂದು ದಿನವೂ ತಡ ಮಾಡಬೇಡಿ.

ಗುಂಡಿಯ ಕಥೆ ಕಲೆಹಾಕಿ

ಬಾವಿಗೆ ಹೋಗುವ ಮೊದಲು ಗುಂಡಿಯ ಪೂರ್ವಾಪರ ತಿಳಿಯಬೇಕು. ಎಷ್ಟು ಆಳವಿತ್ತು? ಯಾವ ವರ್ಷ ಕೆಲಸ ನಿಂತಿತು? ಯಾವಾಗ ತುಂಬಿದರು, ಏನನ್ನು ತುಂಬಿದರು? ಅಲ್ಲಿ ಕಲ್ಲು ಒಡೆದವರು, ಲಾರಿ ಓಡಿಸಿದವರು, ಹತ್ತಿರ ದನ ಮೇಯಿಸುತ್ತಿದ್ದವರು ಊರಲ್ಲೇ ಇರುತ್ತಾರೆ. ದೂರು ಬರೆಯಲು ಬಂದವರ ಹಾಗೆ ಹೋಗಬೇಡಿ, ಕೂತು ಮಾತಾಡಿ. "ಬೇಸಿಗೆಯಲ್ಲೂ ಗುಂಡಿಯಲ್ಲಿ ನೀರು ಇರ್ತಿತ್ತಾ?" ಎಂಬ ಪ್ರಶ್ನೆಯನ್ನು ಮರೆಯದೆ ಕೇಳಿ. ಮಾರ್ಚ್, ಏಪ್ರಿಲ್‌ನಲ್ಲೂ ನೀರು ಬತ್ತುತ್ತಿರಲಿಲ್ಲ ಎಂದಾದರೆ ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ ಕೆಳಗಿತ್ತು ಎನ್ನಲು ಅದು ಬಲವಾದ ಸೂಚನೆ. ಅಂದರೆ ಈಗ ತುಂಬಿರುವ ಕಸ ವರ್ಷವಿಡೀ ನೀರಲ್ಲಿ ನೆನೆಯುತ್ತಿದೆ, ಚಹಾಪುಡಿ ನೆನೆದ ಹಾಗೆ. ಬತ್ತುತ್ತಿತ್ತು ಎಂದಾದರೆ ಮುಖ್ಯವಾಗಿ ಮಳೆನೀರು ಇಳಿಯುವಾಗ ಮಾತ್ರ ಕೊಳೆ ಹೊರಡುತ್ತದೆ. ಈ ಎರಡಕ್ಕೂ ಪರಿಹಾರ ಬೇರೆ ಬೇರೆ.

ನೆನಪಿಗೆ ಸಾಕ್ಷಿ ಬೇಕಲ್ಲ. ಕಂಪ್ಯೂಟರಿನಲ್ಲಿ ಗೂಗಲ್ ಅರ್ತ್ ತೆರೆದರೆ ಹಳೆಯ ವರ್ಷಗಳ ಉಪಗ್ರಹ ಚಿತ್ರ ಸಿಗುತ್ತವೆ. ಮಳೆಗಾಲದ ಚಿತ್ರಗಳಲ್ಲಿ ಮೋಡವೇ ಹೆಚ್ಚು, ಆದ್ದರಿಂದ ಜನವರಿಯಿಂದ ಮಾರ್ಚ್‌ವರೆಗಿನವು ಹುಡುಕಿ. ಗುಂಡಿಯ ಅಗಲ ಎಷ್ಟಿತ್ತು, ನೀರು ಯಾವ ವರ್ಷದವರೆಗೆ ಕಂಡಿತು, ಯಾವಾಗ ಕೆಂಪಗೆ ಸಮವಾಯಿತು ಎಂಬುದನ್ನು ದಿನಾಂಕ ಸಮೇತ ಉಳಿಸಿಕೊಳ್ಳಿ. ಸರ್ವೆ ನಂಬರನ್ನು ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನೋಡಬಹುದು. ಜಾಗ ಪೈಸಾರಿಯೋ (ಸರ್ಕಾರಿ ಪಾಳು ಜಾಗ), ಬಾಣೆಯೋ (ಗದ್ದೆಗೆ ಹೊಂದಿಕೊಂಡ ಮರಗಾಡಿನ ಜಾಗ), ಯಾರದೋ ಹಿಡುವಳಿಯೋ ಎಂಬುದು ಪಹಣಿಯಲ್ಲಿ ತಿಳಿಯುತ್ತದೆ.

ಕೋರೆಗೆ ಗುತ್ತಿಗೆ ಇದ್ದಿದ್ದರೆ ಅದರ ಕಡತ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಇರಬೇಕು. ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಇದು ಗೊತ್ತಿಲ್ಲದೆ ಉದ್ದುದ್ದ ಬರೆದು ತಿರಸ್ಕೃತವಾದ ಅರ್ಜಿಗಳನ್ನು ನಾನು ನೋಡಿದ್ದೇನೆ. ಗುತ್ತಿಗೆಯ ನಕ್ಷೆ, ಗಣಿ ಯೋಜನೆ, ಗುಂಡಿ ಮುಚ್ಚಲು ಕೊಟ್ಟ ಅನುಮತಿ, ಇವಿಷ್ಟರ ಪ್ರತಿ ಕೇಳಿದರೆ ಸಾಕು.

ನೀರು ಯಾವ ಕಡೆ ಹರಿಯುತ್ತದೆ?

ಇಡೀ ಕೆಲಸದಲ್ಲಿ ಇದಕ್ಕೇ ಹೆಚ್ಚು ಹೊತ್ತು ಕೊಡಿ. ಮೇಲಿನ ಬಾವಿ ಯಾವುದು, ಕೆಳಗಿನ ಬಾವಿ ಯಾವುದು ಎಂದು ಗೊತ್ತಾಗದೆ ತೆಗೆದ ಮಾದರಿಗೆ ಅರ್ಥವೇ ಇಲ್ಲ.

ಕೊಡಗಿನ ಅಡಿಪಾಯ ನೈಸ್, ಚಾರ್ನೊಕೈಟ್‌ನಂಥ ಗಟ್ಟಿ ಕಲ್ಲು. ಅದರ ಮೇಲೆ ಶಿಥಿಲವಾಗಿ ಪುಡಿಯಾದ ಕಲ್ಲಿನ ಪದರ, ಅದರ ಮೇಲೆ ಕೆಂಪುಮಣ್ಣು. ತೆರೆದ ಬಾವಿಗೆ ನೀರು ಬರುವುದು ಈ ಮೇಲಿನ ಪದರಗಳಿಂದ. ಅಲ್ಲಿ ನೀರು ಬಹುಮಟ್ಟಿಗೆ ಗುಡ್ಡದ ಇಳಿಜಾರಿನ ಜೊತೆಗೇ ಗದ್ದೆ, ತೋಡಿನ ಕಡೆ ಇಳಿಯುತ್ತದೆ. ಬೋರ್‌ವೆಲ್‌ಗೆ ನೀರು ಬರುವುದು ಕೆಳಗಿನ ಕಲ್ಲಿನ ಬಿರುಕುಗಳಿಂದ. ಆ ಬಿರುಕು ಇಳಿಜಾರಿಗೆ ಅಡ್ಡಲಾಗಿಯೂ ಓಡಬಹುದು. ಕೋರೆಯಲ್ಲಿ ಸಿಡಿಮದ್ದು ಇಟ್ಟಿದ್ದರೆ ಸುತ್ತಲಿನ ಕಲ್ಲು ಇನ್ನಷ್ಟು ಬಿಟ್ಟಿರುತ್ತದೆ. ಹಾಗಾಗಿ ಪಕ್ಕದ ತೆರೆದ ಬಾವಿ ಚೆನ್ನಾಗಿದ್ದು, ದೂರದ ಬೋರ್ ಕೆಟ್ಟಿದ್ದರೆ ಅಚ್ಚರಿ ಬೇಡ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬೇಡಿ. ಪ್ರತಿ ಬೋರಿಗೂ ಎಷ್ಟು ಅಡಿಗೆ ಕೇಸಿಂಗ್ (ಮೇಲಿನ ಮಣ್ಣು ಕುಸಿಯದಂತೆ ಹಾಕುವ ಪೈಪು) ಇಳಿಸಿದರು, ಎಷ್ಟನೇ ಅಡಿಗೆ ನೀರು ಸಿಕ್ಕಿತು ಎಂದು ಕೊರೆಸಿದವರಿಂದ ಕೇಳಿ ಬರೆದುಕೊಳ್ಳಿ.

ತೆರೆದ ಬಾವಿಗಳ ಮಟ್ಟ ಅಳೆಯಲು ಬೇಕಾದದ್ದು ಉದ್ದನೆಯ ಟೇಪು, ತುದಿಗೆ ಕಟ್ಟಲು ಒಂದು ಬೋಲ್ಟು, ಒಂದು ತುಂಡು ಸೀಮೆಸುಣ್ಣ. ಟೇಪಿನ ಕೊನೆಯ ಮೂರು ನಾಲ್ಕು ಅಡಿಗೆ ಸೀಮೆಸುಣ್ಣ ಉಜ್ಜಿ. ಬಾವಿಕಟ್ಟೆಯ ಒಂದು ಕಡೆ ಪೈಂಟಿನ ಗುರುತು ಹಾಕಿ, ಯಾವಾಗಲೂ ಅಲ್ಲಿಂದಲೇ ಇಳಿಸಿ. ಬೋಲ್ಟು ನೀರಿಗೆ ತಾಕಿದ ಸದ್ದು ಬಂದ ಮೇಲೆ ಇನ್ನೊಂದು ಅಡಿ ಬಿಟ್ಟು, ಗುರುತಿನ ಬಳಿ ಟೇಪಿನ ಅಂಕಿ ಓದಿ ಮೇಲಕ್ಕೆ ಎಳೆಯಿರಿ. ಸುಣ್ಣ ಎಲ್ಲಿಯವರೆಗೆ ಒದ್ದೆಯಾಗಿದೆಯೋ ಆ ಅಂಕಿಯನ್ನು ಮೊದಲಿನದರಿಂದ ಕಳೆದರೆ ನೀರು ಎಷ್ಟು ಕೆಳಗಿದೆ ಎಂಬುದು ಅರ್ಧ ಇಂಚಿನ ಲೆಕ್ಕದಲ್ಲಿ ಸಿಗುತ್ತದೆ. ಬೆಳಗ್ಗೆ ಯಾರೂ ಮೋಟಾರ್ ಹಾಕುವ ಮೊದಲು, ಎಲ್ಲ ಬಾವಿಗಳನ್ನೂ ಒಂದೇ ದಿನ ಅಳೆಯಿರಿ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡುತ್ತಿರುವಾಗ ಅಳೆದರೆ ಲೆಕ್ಕ ತಪ್ಪುತ್ತದೆ. ಪಂಪು ಎಳೆದ ಕಡೆಗೇ ನೀರು ವಾಲಿರುತ್ತದೆ.

ಇನ್ನು ಬಾವಿಕಟ್ಟೆಗಳ ಎತ್ತರದ ವ್ಯತ್ಯಾಸ. ಮೊಬೈಲಿನ ಜಿಪಿಎಸ್ ತೋರಿಸುವ ಎತ್ತರವನ್ನು ನಂಬಬೇಡಿ, ಹತ್ತಾರು ಅಡಿ ಹೆಚ್ಚುಕಮ್ಮಿ ಇರುತ್ತದೆ. ಊರಿನ ಮೇಸ್ತ್ರಿಯ ಹತ್ತಿರ ನೀರು ತುಂಬಿದ ಪಾರದರ್ಶಕ ಲೆವೆಲ್ ಪೈಪು ಇರುತ್ತದಲ್ಲ, ಅದು ಸಾಕು. ಇಳಿಜಾರಿನಲ್ಲಿ ಹಂತಹಂತವಾಗಿ ಇಳಿದು, ಪ್ರತಿ ಹಂತದ ವ್ಯತ್ಯಾಸ ಬರೆದು ಕೂಡಿಸುತ್ತಾ ಹೋಗಿ. ಕೊನೆಗೆ ಹೊರಟ ಜಾಗಕ್ಕೇ ಮರಳಿ ಬನ್ನಿ. ಲೆಕ್ಕ ಸೊನ್ನೆಗೆ ಬರಬೇಕು. ಎರಡು ಮೂರು ಇಂಚು ತಪ್ಪಿದರೆ ಪರವಾಗಿಲ್ಲ, ಒಂದು ಅಡಿ ತಪ್ಪಿದರೆ ಮತ್ತೆ ಮಾಡಬೇಕು. ಪೈಪಿನಲ್ಲಿ ಗಾಳಿಗುಳ್ಳೆ ಸೇರಿದ್ದರೆ ಲೆಕ್ಕ ಹಾಳು, ಪ್ರತಿ ಸಲ ನೋಡಿಕೊಳ್ಳಿ.

ಈಗ ಮೂರು ಬಾವಿ ತೆಗೆದುಕೊಳ್ಳೋಣ. ಮೊದಲನೆಯದರ ಕಟ್ಟೆ 100 ಅಡಿ ಎಂದು ನಾವೇ ಇಟ್ಟುಕೊಂಡೆವು. ಅಲ್ಲಿ ನೀರು 18 ಅಡಿ ಕೆಳಗಿದೆ, ಅಂದರೆ ನೀರಿನ ಎತ್ತರ 82. ಎರಡನೆಯದರ ಕಟ್ಟೆ 94, ನೀರು 17 ಅಡಿ ಕೆಳಗೆ, ಎತ್ತರ 77. ಮೂರನೆಯದು 90, ನೀರು 20 ಅಡಿ ಕೆಳಗೆ, ಎತ್ತರ 70. ಕಾಗದದ ಮೇಲೆ ಮೂರನ್ನೂ ಅಳತೆಗೆ ಸರಿಯಾಗಿ ಗುರುತಿಸಿ, ಒಂದಕ್ಕೂ ಮೂರಕ್ಕೂ ಗೆರೆ ಎಳೆಯಿರಿ. ಆ ಗೆರೆಯಲ್ಲಿ ಮಟ್ಟ 82ರಿಂದ 70ಕ್ಕೆ, ಅಂದರೆ 12 ಅಡಿ ಇಳಿಯುತ್ತದೆ. 77 ಬರುವುದು 5 ಅಡಿ ಇಳಿದಾಗ. ಹಾಗಾಗಿ ಮೊದಲ ಬಾವಿಯ ಕಡೆಯಿಂದ ಗೆರೆಯ ಹನ್ನೆರಡರಲ್ಲಿ ಐದು ಪಾಲಿನ ಜಾಗದಲ್ಲಿ ಒಂದು ಚುಕ್ಕೆ ಇಡಿ. ಆ ಚುಕ್ಕೆಯನ್ನು ಎರಡನೇ ಬಾವಿಗೆ ಸೇರಿಸಿ. ಈ ಹೊಸ ಗೆರೆಯುದ್ದಕ್ಕೂ ನೀರಿನ ಮಟ್ಟ ಒಂದೇ. ಇದಕ್ಕೆ ನೇರ ಅಡ್ಡಲಾಗಿ, ತಗ್ಗಿನ ಬಾವಿಯ ಕಡೆಗೆ ಬಾಣ ಎಳೆದರೆ ಅದೇ ನೀರು ಹರಿಯುವ ದಿಕ್ಕು. ಹೈಸ್ಕೂಲ್ ಮಕ್ಕಳು ಇದನ್ನು ನಮಗಿಂತ ಬೇಗ ಮಾಡಿಬಿಡುತ್ತಾರೆ. ಅವರನ್ನೂ ಕರೆದುಕೊಳ್ಳಿ.

ಬಾಣದ ಬುಡಕ್ಕೆ, ಅಂದರೆ ಗುಂಡಿಗಿಂತ ಮೇಲ್ಗಡೆ ಇರುವ ಒಂದೆರಡು ಬಾವಿ ನಿಮ್ಮ ಹೋಲಿಕೆಯ ಬಾವಿಗಳು. ಬಾಣದ ತುದಿಯ ಕಡೆಯವು ಸಂಶಯದ ಬಾವಿಗಳು. ಗದ್ದೆಯ ಬದುವಿನಲ್ಲಿ, ತೋಡಿನ ದಡದಲ್ಲಿ ಒರತೆ ಇದ್ದರೆ ಅದನ್ನೂ ಸೇರಿಸಿ.

ಕಣ್ಣು, ಮೂಗು, ಮೀಟರ್

ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್ ಒಂದು ತೆಗೆದುಕೊಳ್ಳಿ. ಅದು ನೀರಲ್ಲಿ ಕರಗಿದ ಲವಣದ ಒಟ್ಟು ಅಂದಾಜು ಮಾತ್ರ ಹೇಳುತ್ತದೆ. ಸೀಸ, ರೋಗಾಣು, ಕೀಟನಾಶಕ, ಡೀಸೆಲ್ ಯಾವುದೂ ಅದಕ್ಕೆ ಕಾಣುವುದಿಲ್ಲ. "ಮೀಟರಲ್ಲಿ ಕಮ್ಮಿ ಬಂತು, ಕುಡಿಯಬಹುದು" ಎನ್ನುವುದು ಅಪಾಯದ ಮಾತು. ಆದರೆ ಇಪ್ಪತ್ತು ಬಾವಿಗಳಲ್ಲಿ ಯಾವುದು ಗುಂಪಿಗೆ ಸೇರುತ್ತಿಲ್ಲ ಎಂದು ಒಂದು ಬೆಳಗ್ಗೆಯಲ್ಲಿ ಆರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಾಧನವಿಲ್ಲ.

ಒರತೆಯ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ ಎಣ್ಣೆ ಎಂದು ಗಾಬರಿ ಬೀಳುವ ಮೊದಲು ಒಂದು ಕಡ್ಡಿಯಿಂದ ತಟ್ಟಿ. ಪೊರೆ ಗಾಜಿನ ಚೂರಿನ ಹಾಗೆ ಒಡೆದು ಬೇರೆ ಬೇರೆಯಾಗಿಯೇ ಉಳಿದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ. ಸರಿದು ಮತ್ತೆ ಕೂಡಿಕೊಂಡರೆ ಎಣ್ಣೆ. ಇನ್ನೊಂದು, ನೀರನ್ನು ಬಣ್ಣವಿಲ್ಲದ ಪಾರದರ್ಶಕ ಬಾಟಲಿಯಲ್ಲಿ ಹಿಡಿದು ಮುಚ್ಚಳ ತೆಗೆದಿಡಿ. ಸೇದಿದಾಗ ತಿಳಿಯಾಗಿದ್ದ ನೀರು ಕೆಲವು ಗಂಟೆಗಳಲ್ಲಿ ಕಂದುಗೆಂಪಾಗಿ ತಳದಲ್ಲಿ ಗಷ್ಟು ಕೂತರೆ ಅದರಲ್ಲಿ ಕರಗಿದ ಕಬ್ಬಿಣವಿದೆ. ಚಹಾ ಕಪ್ಪಾಗುವುದೂ ಇದೇ ಕಬ್ಬಿಣ ಚಹಾದ ಒಗರಿನ ಜೊತೆ ಸೇರಿ. ನಮ್ಮ ಕೆಂಪುಮಣ್ಣಿನಲ್ಲಿ ಕಬ್ಬಿಣ ಮೊದಲೇ ಇದೆ, ಆದ್ದರಿಂದ ಕಪ್ಪು ಚಹಾ ಒಂದರಿಂದಲೇ ಕೋರೆಯನ್ನು ದೂರುವಂತಿಲ್ಲ. ಅದು ಎಂದಿನಿಂದ ಶುರುವಾಯಿತು, ಮೇಲಿನ ಬಾವಿಯಲ್ಲೂ ಇದೆಯೇ ಎಂಬುದನ್ನು ಕೇಳಬೇಕು.

ಮಾದರಿ ತೆಗೆಯುವಾಗ

ತಿಂಗಳು ಮೊದಲು ಆರಿಸಿ: ಏಪ್ರಿಲ್ ಕೊನೆಗೆ ಒಂದು ಸಲ, ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ) ಜಡಿಮಳೆಯಲ್ಲಿ ಒಂದು ಸಲ, ಸುಗ್ಗಿಹಬ್ಬ ಹುತ್ತರಿಯ (ನವೆಂಬರ್-ಡಿಸೆಂಬರ್) ಹೊತ್ತಿಗೆ ಒಂದು ಸಲ. ಕಸ ನೀರೊಳಗೆ ಕೂತಿದ್ದರೆ ಬೇಸಿಗೆಯಲ್ಲಿ ಕೊಳೆ ದಟ್ಟವಾಗಿ ಕಾಣಬಹುದು. ಮಳೆನೀರು ಕಸದ ಮೂಲಕ ಇಳಿಯುವ ಗುಂಡಿಯಾದರೆ ಜುಲೈ, ಆಗಸ್ಟ್‌ನಲ್ಲಿ ಒಮ್ಮೆಲೇ ಏರಬಹುದು.

ಬೋರ್‌ವೆಲ್ ಆದರೆ ಪೈಪಿನಲ್ಲಿ ನಿಂತ ಹಳೆಯ ನೀರನ್ನು ಮೊದಲು ಹೊರಹಾಕಬೇಕು. ನಮ್ಮಲ್ಲಿ ಸಾಮಾನ್ಯವಾದ ಆರೂವರೆ ಇಂಚಿನ ಬೋರಿನಲ್ಲಿ ಒಂದು ಅಡಿಗೆ ಸುಮಾರು ಆರೂವರೆ ಲೀಟರ್ ನೀರು ಹಿಡಿಯುತ್ತದೆ, ನೆನಪಿಡಲು ಸುಲಭ. 200 ಅಡಿಯ ಬೋರ್, ನೀರು 60 ಅಡಿಯಲ್ಲಿ ಎಂದರೆ 140 ಅಡಿ ನೀರಿದೆ, 910 ಲೀಟರ್. ಅದರ ಮೂರು ಪಟ್ಟು, ಸುಮಾರು 2,730 ಲೀಟರ್ ಹೋಗಬೇಕು. 20 ಲೀಟರಿನ ಬಕೆಟ್ ಅರ್ಧ ನಿಮಿಷಕ್ಕೆ ತುಂಬಿದರೆ ಒಂದು ಗಂಟೆ ಹತ್ತು ನಿಮಿಷ ಓಡಿಸಿ. ದಿನವೂ ಓಡುವ ಬೋರ್ ಆದರೆ ಮೀಟರಿನ ಅಂಕಿ ಐದೈದು ನಿಮಿಷಕ್ಕೆ ನೋಡುತ್ತಾ, ಮೂರು ಸಲ ಒಂದೇ ಬಂದ ಮೇಲೆ ಹಿಡಿಯಬಹುದು. ಟ್ಯಾಂಕಿನ ನಲ್ಲಿಯಿಂದ, ಫಿಲ್ಟರ್ ದಾಟಿದ ಮೇಲೆ, ಬ್ಲೀಚಿಂಗ್ ಪೌಡರ್ ಹಾಕಿದ ವಾರದಲ್ಲಿ ಹಿಡಿಯಬೇಡಿ.

ಬಾಟಲಿಗಳನ್ನು ಪ್ರಯೋಗಾಲಯದಿಂದಲೇ ತರಿಸಿ. ಸಾದಾ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ತೊಳೆಯಬೇಕು. ಲೋಹ ಪರೀಕ್ಷೆಗೆ ಕೊಡುವ ಬಾಟಲಿಯಲ್ಲಿ ನೈಟ್ರಿಕ್ ಆಮ್ಲದ ಹನಿ ಇರುತ್ತದೆ, ಅದನ್ನು ತೊಳೆಯಬಾರದು, ಕೈಗೆ ತಾಕಿಸಿಕೊಳ್ಳಬಾರದು. ರೋಗಾಣು ಪರೀಕ್ಷೆಯದು ಕ್ರಿಮಿಶುದ್ಧ ಬಾಟಲಿ, ಮುಚ್ಚಳದ ಒಳಗೆ ಬೆರಳು ಮುಟ್ಟಬಾರದು. ಐಸ್ ಇಟ್ಟ ಡಬ್ಬಿಯಲ್ಲಿ ಅದೇ ದಿನ ತಲುಪಿಸಿ. ಮಡಿಕೇರಿಯಿಂದ ಮೈಸೂರಿಗೆ ಒಯ್ಯುವುದಾದರೆ ಬೆಳಗ್ಗೆ ಬೇಗ ಹಿಡಿದು ಹೊರಡಿ. ಎಲ್ಲ ಬಾಟಲಿಗಳ ಜೊತೆ ಒಂದರಲ್ಲಿ ಡಿಸ್ಟಿಲ್ಡ್ ವಾಟರ್ ತುಂಬಿ, ಬೇರೆ ಹೆಸರು ಬರೆದು ಕೊಡಿ. ಒಂದೇ ಬಾವಿಯ ಎರಡು ಬಾಟಲಿಗಳನ್ನೂ ಬೇರೆ ಬೇರೆ ಹೆಸರಲ್ಲಿ ಕೊಡಿ. ವರದಿ ಬಂದಾಗ ಪರೀಕ್ಷೆಯನ್ನು ಎಷ್ಟು ನಂಬಬಹುದು ಎಂದು ಇವೆರಡರಿಂದ ಗೊತ್ತಾಗುತ್ತದೆ. ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯವನ್ನೇ ಆರಿಸಿ.

ಏನೇನು ಪರೀಕ್ಷೆ ಮಾಡಿಸಬೇಕು ಎಂಬುದು ಗುಂಡಿಗೆ ಏನು ಬಿತ್ತು ಎಂಬುದರ ಮೇಲೆ ಹೋಗುತ್ತದೆ. ಮನೆಗಸ, ಮಾರುಕಟ್ಟೆ ಕಸವಾದರೆ ಕ್ಲೋರೈಡ್, ಅಮೋನಿಯಾ, ಪೊಟ್ಯಾಸಿಯಂ, ಕಬ್ಬಿಣ, ಮ್ಯಾಂಗನೀಸ್. ಕಟ್ಟಡ ಒಡೆದ ಅವಶೇಷವಾದರೆ ಪಿಎಚ್, ಕ್ಯಾಲ್ಸಿಯಂ, ಸಲ್ಫೇಟ್. ಬೂದಿಯಾದರೆ ಬೋರಾನ್, ಆರ್ಸೆನಿಕ್, ಸೆಲೆನಿಯಂ. ಗ್ಯಾರೇಜಿನ ಕಸವಾದರೆ ಸೀಸ ಮತ್ತು ತೈಲದ ಅಂಶ. ಸಿಡಿಮದ್ದಿನ ಉಳಿಕೆಯಿಂದ ನೈಟ್ರೇಟ್ ಬರುತ್ತದೆ. ನೀರಿಗೆ ಮಲ ಸೇರಿದೆ ಎಂದು ತೋರಿಸುವ ಇ-ಕೊಲಿ ಬ್ಯಾಕ್ಟೀರಿಯಾದ ಪರೀಕ್ಷೆ ಎಲ್ಲ ಬಾವಿಗೂ ಇರಲಿ.

ವರದಿ ಕೈಗೆ ಬಂದ ಮೇಲೆ

ಐಎಸ್ 10500ರ ಕೆಲವು ಅಂಕಿ ನೆನಪಿಟ್ಟುಕೊಳ್ಳಿ, ಎಲ್ಲವೂ ಲೀಟರಿಗೆ ಮಿಲಿಗ್ರಾಂ ಲೆಕ್ಕ: ಕ್ಲೋರೈಡ್ 250, ನೈಟ್ರೇಟ್ 45, ಅಮೋನಿಯಾ 0.5, ಮ್ಯಾಂಗನೀಸ್ 0.1, ಸೀಸ 0.01. ನೂರು ಮಿಲಿಲೀಟರ್ ನೀರಿನಲ್ಲಿ ಇ-ಕೊಲಿ ಒಂದೂ ಇರಬಾರದು. ಆಮೇಲೆ ಆ ಕಾಗದವನ್ನು ಪಕ್ಕಕ್ಕಿಟ್ಟು ಮೇಲಿನ ಬಾವಿಯ ಸಾಲನ್ನೂ ಕೆಳಗಿನ ಬಾವಿಯ ಸಾಲನ್ನೂ ಅಕ್ಕಪಕ್ಕ ಬರೆಯಿರಿ.

ಕ್ಲೋರೈಡ್ ಮಣ್ಣಿಗೆ ಅಂಟಿಕೊಳ್ಳುವುದಿಲ್ಲ, ನೀರಿನ ಜೊತೆಗೇ ಓಡುತ್ತದೆ. ಲೋಹಗಳನ್ನು ಜೇಡಿಮಣ್ಣು ಹಿಡಿದಿಟ್ಟುಕೊಳ್ಳುತ್ತದೆ, ಅವು ನಿಧಾನವಾಗಿ ಹಿಂದೆ ಬರುತ್ತವೆ. ಕ್ಲೋರೈಡ್ ಮಾತ್ರ ಏರಿ ಲೋಹಗಳೆಲ್ಲ ಚೆನ್ನಾಗಿವೆ ಎಂದಾಗ ಜನ ನಿಟ್ಟುಸಿರು ಬಿಡುತ್ತಾರೆ. ನನಗೆ ಆಗಲೇ ಹೆಚ್ಚು ಚಿಂತೆ, ಕೊಳೆಯ ಮುಂಗಾಲು ಬಾವಿಗೆ ತಲುಪಿದೆ ಎಂದು ಅದು ಹೇಳುತ್ತಿರಬಹುದು. ಇನ್ನೊಂದು ಗುರುತು ನೈಟ್ರೇಟ್‌ನದು. ಗೊಬ್ಬರ ಹಾಕುವ ತೋಟದ ನಡುವೆ ಸುತ್ತಲಿನ ಬಾವಿಗಳಲ್ಲೆಲ್ಲ ಅಷ್ಟಿಷ್ಟು ನೈಟ್ರೇಟ್ ಇದ್ದು, ಒಂದರಲ್ಲಿ ಮಾತ್ರ ಏನೂ ಇಲ್ಲ, ಆದರೆ ಅಮೋನಿಯಾ, ಮ್ಯಾಂಗನೀಸ್, ಕಬ್ಬಿಣ ಏರಿವೆ ಎಂದರೆ ಅದು ಶುದ್ಧಿಯ ಲಕ್ಷಣವಲ್ಲ. ಕೊಳೆಯುವ ಕಸ ನೀರಿನ ಆಮ್ಲಜನಕ ತಿಂದು ಮುಗಿಸಿ, ನೈಟ್ರೇಟನ್ನೂ ತಿಂದು, ಮಣ್ಣಿನ ಕಬ್ಬಿಣವನ್ನು ಕರಗಿಸುತ್ತಿದೆ ಎಂಬುದರ ಲಕ್ಷಣ.

ಆದರೆ ನ್ಯಾಯವಾಗಿ ನೋಡಬೇಕು. ನಮ್ಮ ತೋಟಗಳಿಂದಲೂ ಇದೇ ವಸ್ತುಗಳು ಬರುತ್ತವೆ. ಪೊಟ್ಯಾಷ್ ಗೊಬ್ಬರ ಎಂದರೆ ಪೊಟ್ಯಾಸಿಯಂ ಕ್ಲೋರೈಡ್, ಎರಡೂ ಬಾವಿಗೆ ಇಳಿಯಬಹುದು. ಯೂರಿಯಾದಿಂದ ನೈಟ್ರೇಟ್, ಗಿಡದ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಿಂದ ತಾಮ್ರ, ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರಿನಿಂದ ಬಣ್ಣ, ವಾಸನೆ, ಆಮ್ಲಜನಕ ಇಲ್ಲದ ಸ್ಥಿತಿ, ಹಂದಿಗೂಡು ಮತ್ತು ಶೌಚದ ಇಂಗುಗುಂಡಿಯಿಂದ ಅಮೋನಿಯಾ, ಇ-ಕೊಲಿ. ಅದಕ್ಕೇ ಪ್ರತಿ ಬಾವಿಯ ಸುತ್ತ ನೂರು ಅಡಿಯೊಳಗೆ ಏನೇನಿದೆ, ಗೊಬ್ಬರ ಯಾವಾಗ ಹಾಕಿದರು ಎಂದು ಬರೆದಿಟ್ಟುಕೊಳ್ಳಬೇಕು. ಮೇಲಿನ ಬಾವಿಗೂ ಅದೇ ತೋಟ, ಅದೇ ಗೊಬ್ಬರ ಇದ್ದು ಅಲ್ಲಿ ಏರಿಕೆ ಇಲ್ಲದಿದ್ದರೆ ಮಾತ್ರ ಬೆರಳು ಕೋರೆಯ ಕಡೆ ತಿರುಗುತ್ತದೆ.

ಗುಂಡಿಯೊಳಗೆ ನೀವೇ ಅಗೆಯಲು ಹೋಗಬೇಡಿ. ಹೂತ ಕಸದಲ್ಲಿ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಕೂಡಿಕೊಂಡಿರುತ್ತವೆ, ಪ್ರಾಣಕ್ಕೇ ಬರುತ್ತದೆ. ತುಂಬಿದ ಜಾಗದ ನಡುವೆ ಬೋರ್ ಕೊರೆಸುವುದಂತೂ ಬೇಡವೇ ಬೇಡ. ಕಸದ ನೀರು ಕೆಳಗಿನ ಕಲ್ಲಿನ ಬಿರುಕಿಗೆ ಇಳಿಯಲು ನಾವೇ ದಾರಿ ಮಾಡಿಕೊಟ್ಟ ಹಾಗೆ. ಸುತ್ತಲೂ ವೀಕ್ಷಣಾ ಬಾವಿ ಕೊರೆಸಿ, ಕೇಸಿಂಗ್ ಸುತ್ತ ಬೆಂಟೊನೈಟ್ ಜೇಡಿ ತುಂಬಿ ಸೀಲ್ ಮಾಡುವುದು ಭೂಜಲ ತಜ್ಞರ ಕೆಲಸ.

ಕಚೇರಿಗೆ ಹೋಗುವಾಗ

ಗ್ರಾಮ ಪಂಚಾಯಿತಿಯಲ್ಲಿ ಜಲ ಜೀವನ್ ಮಿಷನ್‌ನ ನೀರು ಪರೀಕ್ಷೆ ಕಿಟ್ ಇದ್ದರೆ ಮೊದಲ ಸುತ್ತಿಗೆ ಬಳಸಿ. ಬದಲಿ ಕುಡಿಯುವ ನೀರಿಗಾಗಿ ಪಂಚಾಯಿತಿಗೆ ಲಿಖಿತ ಅರ್ಜಿ ಕೊಟ್ಟು ಹಿಂಬರಹ ಪಡೆಯಿರಿ.

ನೀವು ತೆಗೆಸಿದ ವರದಿ ದಾರಿ ತೋರಿಸುತ್ತದೆ, ಆದರೆ 1974ರ ಜಲ ಮಾಲಿನ್ಯ ಕಾಯ್ದೆಯಡಿ ಪುರಾವೆಯಾಗಲು ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿಯೇ 21ನೇ ಕಲಂ ಪ್ರಕಾರ ಮಾದರಿ ತೆಗೆಯಬೇಕು. ಹೊರಬರುವ ಕೊಳೆನೀರಿನ ಮಾದರಿಯಾದರೆ ಜಾಗದವರಿಗೆ ನೋಟಿಸ್ ಕೊಟ್ಟು, ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಸಹಿ ಹಾಕಿಸುವ ಕ್ರಮ ಅದು. ಬಾವಿಗೆ, ಹೊಳೆಗೆ ಕೊಳೆ ಸೇರಿಸುವುದನ್ನು ಅದೇ ಕಾಯ್ದೆಯ 24ನೇ ಕಲಂ ನಿಷೇಧಿಸುತ್ತದೆ. ಮಂಡಳಿಗೆ ಬರೆಯುವ ಪತ್ರದಲ್ಲಿ ಎರಡೂ ಕಲಂ ನಮೂದಿಸಿ, ನಿಮ್ಮ ನಕ್ಷೆ, ಮಟ್ಟದ ಲೆಕ್ಕ, ಮೇಲಿನ ಮತ್ತು ಕೆಳಗಿನ ಬಾವಿಯ ಅಕ್ಕಪಕ್ಕದ ಪಟ್ಟಿ ಲಗತ್ತಿಸಿ. "ನೀರು ಕೆಟ್ಟಿದೆ, ಕ್ರಮ ಕೈಗೊಳ್ಳಿ" ಎಂಬ ಒಂದು ಸಾಲಿನ ಮನವಿಗೂ "ಈ ಬಾವಿಯಲ್ಲಿ, ಈ ತಿಂಗಳಲ್ಲಿ ಮಾದರಿ ತೆಗೆಯಿರಿ" ಎಂಬ ಪತ್ರಕ್ಕೂ ಸಿಗುವ ಉತ್ತರವೇ ಬೇರೆ. ಹಸಿರು ನ್ಯಾಯಮಂಡಳಿಗೆ ಹೋಗುವುದಾದರೆ ನಮಗೆ ಸಂಬಂಧಿಸಿದ ಪೀಠ ಚೆನ್ನೈನಲ್ಲಿದೆ. ವಿವಾದಕ್ಕೆ ಕಾರಣ ಹುಟ್ಟಿದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು, ಪರಿಹಾರ ಮತ್ತು ಪುನಃಸ್ಥಾಪನೆಗೆ ಐದು ವರ್ಷದ ಅವಧಿ ಇದೆ. ಹಾಗಾಗಿ ಮೊದಲ ವರದಿಯ ದಿನಾಂಕವನ್ನು ಜೋಪಾನ ಮಾಡಿ, ವಕೀಲರನ್ನು ಬೇಗ ಕಾಣಿ.

ಅಲ್ಲಿಯವರೆಗೆ ಸುಮ್ಮನೆ ಕೂರಬೇಕಾಗಿಲ್ಲ. ಜಾಗದವರು ಒಪ್ಪಿದರೆ ಮಳೆಗಾಲಕ್ಕೆ ಮೊದಲು ಗುಂಡಿಯ ಮೇಲ್ಗಡೆ ಚರಂಡಿ ತೆಗೆದು, ಗುಡ್ಡದ ನೀರು ತುಂಬಿದ ಜಾಗಕ್ಕೆ ನುಗ್ಗದಂತೆ ಬದಿಗೆ ತಿರುಗಿಸಬಹುದು. ಕುಸಿದು ತಗ್ಗಾದ ಕಡೆ ಜೇಡಿಮಣ್ಣು ಹಾಕಿ ಇಳಿಜಾರು ಕೊಟ್ಟರೆ ಮಳೆ ಇಂಗದೆ ಹರಿದುಹೋಗುತ್ತದೆ. ತುಂಬಿದ ಮಣ್ಣು ನೀರು ಕುಡಿದರೆ ಜಾರುತ್ತದೆ ಎಂಬುದನ್ನು 2018ರ ಆಗಸ್ಟ್‌ನಲ್ಲಿ ಕೊಡಗಿನ ಭೂಕುಸಿತ ಕಂಡವರಿಗೆ ಹೇಳಬೇಕಾಗಿಲ್ಲ. ಅಂಚಿನಲ್ಲಿ ಬಿರುಕು ಕಂಡರೆ ಕೆಳಗಿನ ಮನೆಯವರಿಗೆ, ಪಂಚಾಯಿತಿಗೆ ಆ ದಿನವೇ ತಿಳಿಸಿ. ಚರಂಡಿ ತೆಗೆದ ಮೇಲೂ ಅದೇ ಬಾವಿಗಳಲ್ಲಿ, ಅದೇ ಗುರುತಿನಿಂದ, ಅದೇ ಮೂರು ತಿಂಗಳಲ್ಲಿ ಅಳತೆ ಮುಂದುವರಿಯಲಿ. ಕನಿಷ್ಠ ಮೂರು ಮಳೆಗಾಲದ ಅಂಕಿ ಒಂದೇ ನೋಟ್‌ಬುಕ್ಕಿನಲ್ಲಿ ಇರಲಿ, ಆ ಪುಸ್ತಕದ ಜೆರಾಕ್ಸ್ ಇನ್ನೊಬ್ಬರ ಮನೆಯಲ್ಲೂ ಇರಲಿ.